ಚಂದ್ರಗುಪ್ತ ಚಕ್ರವರ್ತಿ ಮುನಿಯಾದದ್ದು

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದು ಮೌರ್ಯ ಚಕ್ರವರ್ತಿ ಚಂದ್ರಗುಪ್ತನಿಂದ. ಕ್ರಿ.ಪೂ. 321ರ ಸುಮಾರಿಗೆ ನಂದರನ್ನು ಸೋಲಿಸಿ ಪಾಟಲಿಪುತ್ರದ ಸಿಂಹಾಸನ ಏರಿದವನು ಇವನು. ಗ್ರೀಕರ ಸೆಲ್ಯೂಕಸ್ ದೊರೆ ಇವನಿಗೆ ಸಿಂಧೂ ನದಿಯಾಚೆಯ ಸೀಮೆಗಳನ್ನು ಬಿಟ್ಟುಕೊಟ್ಟು, ಬದಲಿಗೆ 500 ಆನೆ ತೆಗೆದುಕೊಂಡು ಹೋದ.

ಸುಮಾರು 24 ವರ್ಷ ಆಳಿದ ಮೇಲೆ ರಾಜ್ಯ ಮಗ ಬಿಂದುಸಾರನಿಗೆ ಬಂತು. ಉತ್ತರದಲ್ಲಿ 12 ವರ್ಷದ ಬರ ಬರುವುದೆಂದು ತಿಳಿದ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಸಂಘ ಸಮೇತ ದಕ್ಷಿಣಕ್ಕೆ ಹೊರಟರು, ದೀಕ್ಷೆ ಪಡೆದ ಚಂದ್ರಗುಪ್ತರೂ ಜೊತೆಗೆ ಬಂದರು ಎಂದು ಜೈನ ಪರಂಪರೆ ಹೇಳುತ್ತದೆ. ಆಗ ಈ ಬೆಟ್ಟ ಕಟವಪ್ರ, ಕನ್ನಡದ ಬಾಯಲ್ಲಿ ಕಳ್ಬಪ್ಪು. ಗುರುಗಳು ಇಲ್ಲೇ ಸಲ್ಲೇಖನ ಕೈಗೊಂಡರು. ಶಿಷ್ಯರು ಕೊನೆತನಕ ಸೇವೆ ಮಾಡಿ, ಮುಂದೆ ತಾವೂ ಅದೇ ದಾರಿ ಹಿಡಿದರು.

ಹಾಗಾದರೆ ಸೈನ್ಯ ನಡೆಸಿದ ದೊರೆಯೂ ಬರಿಮೈಯಲ್ಲಿ ಕೂತ ಮುನಿಯೂ ಒಬ್ಬರೇನಾ? ಕಿರೀಟ ಹೋಯ್ತು, ಬಟ್ಟೆ ಹೋಯ್ತು, ಅರಮನೆ ಮಗನದಾಯ್ತು. ದೀಪದ ಉರಿ ಕ್ಷಣಕ್ಷಣಕ್ಕೂ ಬೇರೆ, ಒಂದೇ ಅಂತ ಕಾಣೋದು ಭ್ರಮೆ ಎಂದು ಬೌದ್ಧರು ವಾದಿಸಿದರು. ಜೈನರು ಇದನ್ನು ಅರ್ಧ ಒಪ್ಪುತ್ತಾರೆ. ರಾಜ, ಮುನಿ ಇವೆಲ್ಲ ಪರ್ಯಾಯಗಳು, ಹುಟ್ಟಿ ಅಳಿಯುವಂಥವು. ಅಜ್ಜಿಯ ಬಳೆ ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸಿದರೆ ಬಳೆ ನಿಜವಾಗಿಯೂ ಇಲ್ಲ, ಚಿನ್ನ ನಿಜವಾಗಿಯೂ ಇದೆ. ಆ ಚಿನ್ನದ ಹಾಗೆ ಉಳಿಯುವುದು ಜೀವದ್ರವ್ಯ. ಇದು ಬರೀ ಪಂಡಿತರ ತರ್ಕ ಅಲ್ಲ. ದೊರೆ ಪೂರ್ತಿ ಇಲ್ಲವಾದ ಎಂದರೆ, ಯುದ್ಧದಲ್ಲಿ ಸತ್ತವರ ಪಾಪಕ್ಕೆ ಹೊಣೆ ಯಾರು? ಮುನಿಗಳು ಯಾರ ಕರ್ಮ ಕಳೆಯಲು ಉಪವಾಸ ಕೂತರು? ಏನೂ ಬದಲಾಗಲೇ ಇಲ್ಲ ಎಂದರೆ ದೀಕ್ಷೆ ಬರೀ ವೇಷ ಆಗಿಬಿಡುತ್ತದೆ.

ಇತಿಹಾಸಕಾರರಲ್ಲೂ ಇದೇ ಪ್ರಶ್ನೆ ಬೇರೆ ರೀತಿಯಲ್ಲಿದೆ. ಭದ್ರಬಾಹು, ಚಂದ್ರಗುಪ್ತ ಮುನಿಗಳ ಜೋಡಿಯನ್ನು ಹೆಸರಿಸುವ ಇಲ್ಲಿನ ಶಾಸನ ಸುಮಾರು ಕ್ರಿ.ಶ. 650ರದು, ಅಂದರೆ ಮೌರ್ಯರಾಗಿ 900 ವರ್ಷಕ್ಕೂ ಮೇಲೆ. ಆ ಮುನಿ ಆ ದೊರೆಯೇ ಎಂದು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಕಳ್ಬಪ್ಪಿನ ಜನ ಮಾತ್ರ ಅಂದಿನಿಂದಲೂ ಒಬ್ಬರೇ ಅಂತ ನಂಬಿಕೊಂಡು ಬಂದಿದ್ದಾರೆ.

ಬೆಟ್ಟದ ಮೇಲೆ ಭದ್ರಬಾಹು ಗುಹೆಯಲ್ಲಿ ಗುರುಗಳ ಪಾದಗಳಿವೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಗುರುಶಿಷ್ಯರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದೆ. 12ನೇ ಶತಮಾನದ ಶಿಲ್ಪಿ ದಾಸೋಜನ ಕೆಲಸ ಇದು. ಒಳಗೆ ಬೆಳಕು ಕಡಿಮೆ, ಅವಸರ ಮಾಡದೆ ನಿಂತು ನೋಡಬೇಕು.