ಕನ್ನಡಿಯ ಮುಂದೆ ಗಾಂಧೀಜಿ

ನಂದಿಬೆಟ್ಟವು ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1927ರ ಏಪ್ರಿಲ್ ತಿಂಗಳಲ್ಲಿ, ಗಾಂಧೀಜಿಯವರು ವಿಶ್ರಾಂತಿಗಾಗಿ ಅಲ್ಲಿಗೆ ಬಂದು ತಂಗಿದರು. ರಕ್ತದ ಒತ್ತಡ ಹೆಚ್ಚಿ ಅವರ ದೇಹವು ಮಾರ್ಚಿಯಲ್ಲಿಯೇ ಕುಸಿದಿದ್ದಿತು. ಅವರ ಆತ್ಮಕಥೆಯು ವಾರವಾರವೂ ಪತ್ರಿಕೆಯಲ್ಲಿ ಪ್ರಕಟವಾಗುತ್ತಿದ್ದ ವರ್ಷಗಳವು. ಆ ಗ್ರಂಥದಲ್ಲಿ ಸತ್ಯಾಗ್ರಹ, ಬ್ರಹ್ಮಚರ್ಯ, ಉಪವಾಸಗಳಂತಹ ಘನವಾದ ವಿಷಯಗಳ ನಡುವೆ ಕ್ಷೌರದ ವಿಷಯವೂ ಒಂದೆರಡು ಕಡೆ ಬರುತ್ತದೆ. ಓದುಗರು ಅದನ್ನು ಓದಿ ನಕ್ಕು ಮುಂದೆ ಸಾಗುವುದೇ ವಾಡಿಕೆ. ಆದರೆ ಆ ಮಹಾಜೀವನದ ಒಂದು ತಿರುವು ಆ ಸಣ್ಣ ಪ್ರಸಂಗದಲ್ಲಿಯೇ ಅಡಗಿದೆಯೆಂದು ಹೇಳಿದರೆ ತಪ್ಪಾಗಲಾರದು.

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದುದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ತಂದೆ ಸಂಸ್ಥಾನದ ದಿವಾನರು. ಅಂತಹ ಮನೆಗಳಲ್ಲಿ ಕ್ಷೌರ ಮಾಡಿಕೊಳ್ಳುವುದೆಂಬುದಿಲ್ಲ, ಮಾಡಿಸಿಕೊಳ್ಳುವುದುಂಟು. ಮನೆತನದ ಕ್ಷೌರಿಕನು ಬಂದ ದಿನ ಮಾತ್ರವೇ ಬಾಲಕನ ಕೈಗೆ ಕನ್ನಡಿ ದೊರೆಯುತ್ತಿದ್ದಿತು. ನಮ್ಮ ಸೀಮೆಯ ಹಿರಿಯರಿಗೆ ಈ ಪದ್ಧತಿ ಹೊಸದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿಯೂ ಕ್ಷೌರಿಕನು ಊರಿನ ಆಯಗಾರರಲ್ಲೊಬ್ಬ. ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಬಂದು, ಜಗುಲಿಯ ಮೇಲೋ ಹೊಂಗೆಯ ನೆರಳಿನಲ್ಲೋ ಕುಳಿತು ಕೆಲಸ ಮಾಡುವನು. ಅವನ ಕೂಲಿ ಸುಗ್ಗಿಯಲ್ಲಿ, ಕಣದಲ್ಲಿ, ರಾಗಿಯ ರೂಪದಲ್ಲಿ ಸಲ್ಲುತ್ತಿದ್ದಿತು.

1888ರ ಸೆಪ್ಟೆಂಬರಿನಲ್ಲಿ ಹದಿನೆಂಟರ ತರುಣ ಮೋಹನದಾಸನು ಬ್ಯಾರಿಸ್ಟರ್ ವ್ಯಾಸಂಗಕ್ಕಾಗಿ ಮುಂಬಯಿಯಿಂದ ಹಡಗು ಹತ್ತಿದನು. ಲಂಡನ್ನಿನಲ್ಲಿ ಮನೆತನದ ಕ್ಷೌರಿಕನೆಲ್ಲಿ? ಇಂಗ್ಲೆಂಡಿಗೆ ಹೋದವರೆಲ್ಲರೂ ಮುಖಕ್ಷೌರವನ್ನಾದರೂ ಕಲಿತೇ ಬರುತ್ತಾರೆಂದು ಅವರು ಮುಂದೆ ಬರೆದರು. ಜಿಲೆಟ್ ಕಂಪನಿಯ ತೆಳ್ಳನೆಯ ಬ್ಲೇಡು ಮಾರುಕಟ್ಟೆಗೆ ಬಂದುದು 1903ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲು ಮುಖಕ್ಷೌರವೆಂದರೆ ಸಾಮಾನ್ಯವಾಗಿ ಹಿಡಿಯೊಳಗೆ ಮಡಿಸುವ ನೀಳವಾದ ಚೌರದ ಕತ್ತಿಯೇ.

ಆ ಕತ್ತಿಯನ್ನು ಹಿಡಿಯುವುದು ಸುಲಭದ ವಿದ್ಯೆಯಲ್ಲ. ಮೊದಲು ಅದನ್ನು ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯಬೇಕು. ದಿಕ್ಕು ತಪ್ಪಿದರೆ ಪಟ್ಟಿಯೂ ಹರಿಯುವುದು, ಬಾಯಿಯೂ ಕೆಡುವುದು. ಬಿಸಿನೀರಿನಿಂದ ಗಡ್ಡವನ್ನು ನೆನೆಸಿ, ನೊರೆಯನ್ನು ಚೆನ್ನಾಗಿ ಹಚ್ಚಬೇಕು. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಅಲಗನ್ನು ಕೆನ್ನೆಗೆ ಸುಮಾರು ಮೂವತ್ತು ಡಿಗ್ರಿ ಓರೆಯಾಗಿಸಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಇಳಿಸಬೇಕು. ಅಲಗು ತೀರ ಮಲಗಿದರೆ ಕೂದಲನ್ನು ಕೀಳುತ್ತದೆ, ತೀರ ನಿಂತರೆ ಚರ್ಮವನ್ನು ಕೊಯ್ಯುತ್ತದೆ. ಅಲಗಿನ ಉದ್ದದ ದಿಕ್ಕಿನಲ್ಲಿ ಕೈ ಜಾರಿತೋ, ರಕ್ತವೇ. ಹೊಸಬನು ಸಮತಟ್ಟಾದ ಕೆನ್ನೆಯಿಂದ ಆರಂಭಿಸಿ, ಕೈ ಕುದುರಿದ ಮೇಲೆಯೇ ಗದ್ದಕ್ಕೂ ಕೊರಳಿಗೂ ಬರಬೇಕು. ಒತ್ತುವುದರಿಂದ ಈ ಕೆಲಸ ಸಾಗದು. ಕತ್ತಿಯ ಭಾರವೇ ಕೆಲಸ ಮಾಡುವಂತೆ ಕೈಯನ್ನು ಹಗುರವಾಗಿ ಬಿಡುವುದೇ ಇದರ ಮರ್ಮ.

ಆದರೆ ಆ ದಿನಗಳಲ್ಲಿ ಈ ವಿದ್ಯೆಯು ಸೇವಕನಾದುದು ಶೋಕಿಗೆ. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸಂಜೆಯುಡುಗೆ, ಹತ್ತೊಂಬತ್ತು ಷಿಲಿಂಗಿನ ಎತ್ತರದ ಟೋಪಿ, ನೃತ್ಯದ ಪಾಠ, ಪಿಟೀಲಿನ ಪಾಠ, ಇವೆಲ್ಲವೂ ನಡೆದವು. ಊರಿನಲ್ಲಿ ಅಪರೂಪವಾಗಿದ್ದ ಕನ್ನಡಿ ಇಲ್ಲಿ ನಿತ್ಯದ ಸಂಗಾತಿಯಾಯಿತು. ಟೈ ಕಟ್ಟಿಕೊಳ್ಳುವುದಕ್ಕೂ ಒರಟು ಕೂದಲನ್ನು ಬೈತಲೆಗೆ ಬಗ್ಗಿಸುವುದಕ್ಕೂ ದಿನಕ್ಕೆ ಹತ್ತು ನಿಮಿಷ ವ್ಯಯವಾಗುತ್ತಿದ್ದಿತು. ಸಭ್ಯಗೃಹಸ್ಥನಾಗುವ ಈ ಹುಚ್ಚು ಸುಮಾರು ಮೂರು ತಿಂಗಳಲ್ಲಿ ಇಳಿಯಿತು. ಉಡುಪಿನ ಅಚ್ಚುಕಟ್ಟು ಮಾತ್ರ ವರ್ಷಗಟ್ಟಲೆ ಉಳಿಯಿತು.

1891ರಲ್ಲಿ ಬ್ಯಾರಿಸ್ಟರಾಗಿ ಹಿಂದಿರುಗಿದ ಅವರು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಅಲ್ಲಿ ಅಗಸನ ಲೆಕ್ಕ ಹೆಚ್ಚಾದಾಗ ಬಟ್ಟೆ ಒಗೆಯುವುದನ್ನು ತಾವೇ ಕಲಿತರು. ಗಂಜಿ ಅತಿಯಾದ ಕಾಲರಿನಿಂದ ಪುಡಿ ಉದುರಿ ನ್ಯಾಯಾಲಯದಲ್ಲಿ ನಗೆಗೀಡಾದರೂ ಎದೆಗುಂದಲಿಲ್ಲ. ಮುಂದೆ ಪ್ರಿಟೋರಿಯಾದಲ್ಲಿ ಒಬ್ಬ ಇಂಗ್ಲಿಷ್ ಕ್ಷೌರಿಕನ ಅಂಗಡಿಗೆ ಕ್ರಾಪಿಗಾಗಿ ಹೋದರು. ಅವನು ತಿರಸ್ಕಾರದಿಂದ ನಿರಾಕರಿಸಿದನು. ಗಾಂಧೀಜಿಯವರಿಗೆ ನೋವಾಯಿತು. ಒಡನೆಯೇ ಅವರು ಕೂದಲು ಕತ್ತರಿಸುವ ಕೈಮಿಷನ್ನೊಂದನ್ನು ಕೊಂಡು ಕನ್ನಡಿಯ ಮುಂದೆ ನಿಂತರು. ಮುಂದಲೆ ಹೇಗೋ ಆಯಿತು, ಹಿಂದಲೆ ಹಾಳಾಯಿತು. ನ್ಯಾಯಾಲಯದ ಗೆಳೆಯರು, ಇಲಿಗಳೇನಾದರೂ ಕಡಿದವೋ ಎಂದು ಕೇಳಿ ಬಿದ್ದುಬಿದ್ದು ನಕ್ಕರು. ಬಿಳಿಯ ಕ್ಷೌರಿಕನು ಕರಿಯ ಕೂದಲನ್ನು ಮುಟ್ಟಲೊಪ್ಪಲಿಲ್ಲ, ಆದ್ದರಿಂದ ಹೇಗಾದರೂ ಸರಿ ತಾವೇ ಕತ್ತರಿಸಿಕೊಂಡುದಾಗಿ ಅವರು ಇದ್ದುದನ್ನು ಇದ್ದಂತೆ ಹೇಳಿದರು.

ಇಷ್ಟೇ ಆಗಿದ್ದರೆ ಇದು ಸ್ವಾವಲಂಬನೆಯ ಒಂದು ನೀತಿಕಥೆಯಾಗುತ್ತಿದ್ದಿತು. ಆದರೆ ಗಾಂಧೀಜಿಯವರ ವಿಚಾರ ಅಲ್ಲಿಗೆ ನಿಲ್ಲಲಿಲ್ಲ. ಆ ಕ್ಷೌರಿಕನ ಮೇಲೆ ಅವರು ದೋಷ ಹೊರಿಸಲಿಲ್ಲ. ಕರಿಯರ ತಲೆ ಮುಟ್ಟಿದರೆ ಬಿಳಿಯ ಗಿರಾಕಿಗಳು ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಅವನ ಅನ್ನಕ್ಕೇ ಕುತ್ತು ಬರುತ್ತಿದ್ದಿತು. ನಮ್ಮ ನಾಡಿನಲ್ಲಿ ಅಸ್ಪೃಶ್ಯರೆಂದು ದೂರವಿಟ್ಟವರ ಕ್ಷೌರ ಮಾಡಲು ನಮ್ಮ ಕ್ಷೌರಿಕರನ್ನು ನಾವು ಬಿಡುತ್ತೇವೆಯೆ? ನಾವು ಬಿತ್ತಿದುದೇ ಅಲ್ಲಿ ಫಲವಾಗಿ ಕೈಗೆ ಬಂದಿತೆಂದು ಅವರು ತಿಳಿದರು. ಅದರಿಂದ ಅವರ ಕೋಪವೂ ಶಮನವಾಯಿತು. ಅಪಮಾನಗೊಂಡವನು ಅಪಮಾನಿಸಿದವನಲ್ಲಿ ತನ್ನದೇ ಸಮಾಜದ ಮುಖವನ್ನು ಕಾಣುವುದು ಅಪೂರ್ವ. ಲಂಡನ್ನಿನ ಕನ್ನಡಿ ತೋರಿಸದಿದ್ದ ಮುಖವನ್ನು ಪ್ರಿಟೋರಿಯಾದ ಕನ್ನಡಿ ತೋರಿಸಿತು.

1908ರ ಜನವರಿಯಲ್ಲಿ ಅವರು ಮೊದಲ ಸಲ ಸೆರೆಮನೆ ಸೇರಿದರು. ಜೋಹಾನ್ಸ್‌ಬರ್ಗಿನ ಆ ಸೆರೆಮನೆಯಲ್ಲಿ ತಾವಾಗಿಯೇ ಕೇಳಿಕೊಂಡು ತಲೆಗೂದಲನ್ನೂ ಮೀಸೆಯನ್ನೂ ತೆಗೆಸಿದರು. ಬಳಿಕ ಜೊತೆಯ ಸತ್ಯಾಗ್ರಹಿಯೊಬ್ಬರೊಡನೆ ಸೇರಿ ಇತರ ಬಂದಿಗಳ ಕೂದಲು ಕತ್ತರಿಸುವ ಕೆಲಸಕ್ಕೆ ನಿಂತರು. ಶೋಕಿಗಾಗಿ ಮೊದಲಾದ ವಿದ್ಯೆ, ಹಟದಿಂದ ಮುಂದುವರಿದು, ಸೇವೆಯಲ್ಲಿ ಸಾರ್ಥಕವಾಯಿತು. ದಿವಾನರ ಮಗ, ಬ್ಯಾರಿಸ್ಟರ್, ಕ್ಷೌರಿಕನ ಕಾಯಕಕ್ಕೆ ಕೈಯೊಡ್ಡಿದುದು ಕೇವಲ ಮಿತವ್ಯಯದ ಮಾತಲ್ಲ.

1915ರಲ್ಲಿ ತಾಯ್ನಾಡಿಗೆ ಮರಳಿ ಅಹಮದಾಬಾದಿನ ಕೋಚರಬಿನಲ್ಲಿ ಆಶ್ರಮ ಸ್ಥಾಪಿಸಿದಾಗ ದೂದಾಭಾಯಿ ಎಂಬ ಅಸ್ಪೃಶ್ಯ ಗೃಹಸ್ಥರ ಸಂಸಾರವನ್ನು ಅವರು ಒಳಗೆ ಸೇರಿಸಿಕೊಂಡರು. ಬರುತ್ತಿದ್ದ ಧನಸಹಾಯ ನಿಂತಿತು, ಬಾವಿಯ ಬಳಿ ಬೈಗುಳ ಕೇಳಬೇಕಾಯಿತು. ಹೆಸರು ಹೇಳದೆ ಒಬ್ಬ ಶ್ರೀಮಂತರು ಕೊಟ್ಟ 13,000 ರೂಪಾಯಿಗಳಿಂದ ಆಶ್ರಮ ಉಳಿಯಿತು. 1933-34ರ ಹರಿಜನಯಾತ್ರೆಯಲ್ಲಿ ಅವರು ಕರ್ನಾಟಕಕ್ಕೂ ಬಂದರು. 1936ರಲ್ಲಿ ಮತ್ತೊಮ್ಮೆ ನಂದಿಬೆಟ್ಟದಲ್ಲಿ ತಂಗಿದರು. 1948ರ ಜನವರಿ 30ರಂದು ದೆಹಲಿಯಲ್ಲಿ ಗುಂಡಿಗೆ ಬಲಿಯಾದರು.

ಅವರು ತೀರಿದ ಎರಡು ವರ್ಷಕ್ಕೆ ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾಯಿದೆಯು ಅಂಗಡಿಯಲ್ಲಿ ಸೇವೆಯನ್ನು ನಿರಾಕರಿಸುವುದನ್ನು ಅಪರಾಧವೆಂದು ಸಾರಿತು. ಹಾಗಿದ್ದರೂ ನಮ್ಮ ರಾಜ್ಯದಲ್ಲಿಯೇ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಇಂದಿಗೂ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಆಗ ನಾವು ಸಾಮಾನ್ಯವಾಗಿ ಕ್ಷೌರಿಕನೊಬ್ಬನನ್ನೇ ಹಳಿಯುತ್ತೇವೆ. ಅವನ ಕುರ್ಚಿಯ ಸರದಿಯನ್ನು ಕಾಯುತ್ತಿರುವ ಗಿರಾಕಿಗಳು ಯಾರು, ಅವನು ಹೆದರುವುದು ಯಾರಿಗೆ, ಎಂದು ವಿಚಾರಿಸುವುದಿಲ್ಲ. ಪ್ರಿಟೋರಿಯಾದಲ್ಲಿ ಹಿಂದಲೆ ಕೆಡಿಸಿಕೊಂಡ ಆ ವಕೀಲರು ವಿಚಾರಿಸಿದುದು ಅದನ್ನೇ.