ಪಾವಿಯಾದ ಶಸ್ತ್ರವೈದ್ಯ

ಕಾವ್ಯಮೀಮಾಂಸೆಯನ್ನು ಬೋಧಿಸುವ ನನ್ನಂಥವನು ಶಸ್ತ್ರವೈದ್ಯನೊಬ್ಬನ ಜೀವನಚರಿತ್ರೆಗೆ ಕೈಹಾಕುವುದು ಅಧಿಕಪ್ರಸಂಗವೆನಿಸೀತು. ಆದರೆ ಬಲ್ಲವರು ಬರೆದಿಟ್ಟುದನ್ನು ಲೋಕ ಮರೆತು ಕುಳಿತುಕೊಳ್ಳುವುದು ನಮ್ಮ ಓಲೆಗರಿಗಳ ಪಾಡು ಮಾತ್ರವಲ್ಲವೆಂಬುದನ್ನು ಇಜೀನಿಯೋ ಟಾನ್ಸಿನಿಯ ಕಥೆಯಿಂದ ನಾನು ಕಂಡುಕೊಂಡೆ.

ಟಾನ್ಸಿನಿ ಹುಟ್ಟಿದುದು 1855ರಲ್ಲಿ, ಉತ್ತರ ಇಟಲಿಯ ಲೋದಿ ಪಟ್ಟಣದಲ್ಲಿ. ಮುಂದೆ ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾದ. ಸ್ತನದ ಕ್ಯಾನ್ಸರಿಗೆ ಆ ಕಾಲದ ಚಿಕಿತ್ಸೆಯೆಂದರೆ ಸ್ತನವನ್ನು ಮೇಲಣ ಚರ್ಮ, ಅಡಿಯ ಸ್ನಾಯು ಸಮೇತ ಕೊಯ್ದು ತೆಗೆಯುವುದು. ಬಳಿಕ ಉಳಿಯುವ ಎದೆಯಗಲದ ಗಾಯವನ್ನು ಮುಚ್ಚುವುದೆಂತು? ಟಾನ್ಸಿನಿ ಬೆನ್ನಿನ ಕಡೆ ನೋಡಿದ. ಒಂದಂಚು ದೇಹಕ್ಕೆ ಅಂಟಿಕೊಂಡೇ ಇರುವಂತೆ ಬೆನ್ನಿನ ಚರ್ಮವನ್ನು ಎಬ್ಬಿಸಿ, ಕಂಕುಳ ಮಗ್ಗುಲಿಂದ ಮುಂದಕ್ಕೆ ತಿರುಗಿಸಿ ಎದೆಗೆ ಹೊಲಿದ. ಈ ಕ್ರಮವನ್ನು 1896ರಲ್ಲಿ ಪ್ರಕಟಿಸಿದ.

ಆದರೆ ತೊಡಕೊಂದಿತ್ತು. ಹೊಲಿಗೆ ಎಷ್ಟೇ ನಾಜೂಕಾಗಿದ್ದರೂ ಚರ್ಮದ ತುದಿ ಕಪ್ಪಿಟ್ಟು ಸತ್ತುಹೋಗುತ್ತಿತ್ತು. ಗಾಯ ಮತ್ತೆ ಬಾಯ್ದೆರೆದರೆ ಆ ಹೆಂಗಸಿನ ಗತಿಯೇನು! ಟಾನ್ಸಿನಿ ಕೈಚೆಲ್ಲಲಿಲ್ಲ; ರಕ್ತನಾಳಗಳ ಜಾಡು ಹಿಡಿದು ಹೊರಟ. ಬೆನ್ನಿನ ಚರ್ಮಕ್ಕೆ ರಕ್ತ ಬರುವುದು ಅದರ ಅಡಿಯಲ್ಲಿ ಹಾಸಿರುವ ಅಗಲವಾದ ಸ್ನಾಯುವಿನ ಮೂಲಕ. ಸ್ನಾಯುವನ್ನು ಬಿಟ್ಟು ಚರ್ಮವನ್ನಷ್ಟೇ ಎತ್ತಿದರೆ ಬೇರು ಕಡಿದ ಬಳ್ಳಿಯಂತೆ ಅದು ಬಾಡದೆ ಇನ್ನೇನಾದೀತು? ಲ್ಯಾಟಿಸಿಮಸ್ ಡಾರ್ಸೈ ಎಂದು ವೈದ್ಯರು ಕರೆಯುವ ಆ ಸ್ನಾಯುವನ್ನೂ ಸೇರಿಸಿ ಎತ್ತಿದಾಗ ಚರ್ಮ ಬದುಕಿತು. ಇದನ್ನು ಟಾನ್ಸಿನಿ 1906ರಲ್ಲಿ ವಿವರಿಸಿದ. ಅದೇ ವರ್ಷ ಅದೇ ವಿಶ್ವವಿದ್ಯಾನಿಲಯದ ಕಮಿಲ್ಲೊ ಗಾಲ್ಜಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕೀರ್ತಿಯು ನೆರೆಮನೆಯವರೆಗೆ ಬಂದು ಹಿಂದಿರುಗಿತೆನ್ನಬೇಕು.

ಕೆಲವು ಕಾಲ ಯೂರೋಪಿನಲ್ಲಿ ಈ ಕ್ರಮ ನಡೆಯಿತು. ಆದರೆ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ವಿಲಿಯಂ ಹಾಲ್‌ಸ್ಟೆಡ್ ಸ್ತನಚ್ಛೇದನ ವಿಷಯದಲ್ಲಿ ಜಗತ್ತಿಗೇ ಗುರುವಾಗಿದ್ದವನು. ಗಾಯವನ್ನು ಹೀಗೆ ದಪ್ಪನಾಗಿ ಮುಚ್ಚುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಗುರುವಿನ ಮಾತೇ ಶಾಸ್ತ್ರವಾಯಿತು. ಟಾನ್ಸಿನಿಯ ದಾರಿಯಲ್ಲಿ ಹುಲ್ಲು ಬೆಳೆಯಿತು. 1943ರಲ್ಲಿ ಆತ ತೀರಿಕೊಂಡಾಗ ಅದನ್ನು ನೆನೆದವರು ವಿರಳ. ಪಾಂಡಿತ್ಯದ ಪ್ರತಿಷ್ಠೆ ಎಷ್ಟು ಒಳಿತು ಮಾಡುತ್ತದೆಯೋ ಅಷ್ಟೇ ಕೇಡನ್ನೂ ಮಾಡಬಲ್ಲುದೆಂದು ನನಗೆ ಇಲ್ಲಿ ತೋರುತ್ತದೆ.

1976ರಲ್ಲಿ ಜರ್ಮನಿಯ ನೆವೆನ್ ಒಲಿವಾರಿ, ವಿಕಿರಣ ಚಿಕಿತ್ಸೆಯಿಂದ ಕೆಟ್ಟ ಎದೆಯ ಹುಣ್ಣುಗಳನ್ನು ಮುಚ್ಚಲು ಅದೇ ಸ್ನಾಯುವಿನ ಮೊರೆಹೊಕ್ಕ. ಎರಡು ವರ್ಷಗಳ ತರುವಾಯ ಪ್ಯಾಟ್ರಿಕ್ ಮ್ಯಾಕ್ಸ್‌ವೆಲ್ ಮತ್ತು ಸಂಗಡಿಗರು ಇನ್ನೂ ಮುಂದುವರಿದರು. ಸ್ನಾಯುವನ್ನೂ ಚರ್ಮವನ್ನೂ ಬೆನ್ನಿನಿಂದ ಪೂರ್ತಿ ಬಿಡಿಸಿ, ಅವುಗಳ ರಕ್ತನಾಳಗಳನ್ನು ಬೇರೆಡೆಯ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿಯುವ ವಿಧಾನವನ್ನು ವರದಿಮಾಡಿದರು. ಮೊಳಕಾಲಿನ ಕೆಳಗೆ ಮೂಳೆ ಕಾಣುವಂಥ ಗಾಯಕ್ಕೂ, ನೆತ್ತಿಗೂ ಬೆನ್ನು ಹೀಗೆ ನೆರವಾಯಿತು. ಟಾನ್ಸಿನಿಯ ಹಳೆಯ ಲೇಖನಗಳನ್ನು ಹುಡುಕಿ ತೆಗೆದು, 1980ರಲ್ಲಿ ಅವನ ಪಾಲನ್ನು ಅವನಿಗೆ ಸಲ್ಲಿಸಿದವನೂ ಮ್ಯಾಕ್ಸ್‌ವೆಲ್ಲನೇ. ಅವನು ಶಸ್ತ್ರವಿದ್ಯೆ ಕಲಿತದ್ದು ಹಾಲ್‌ಸ್ಟೆಡ್ಡನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ.