ಮೂಕಜೀವಿಗಳ ಬಂಧು ಮರಿಯಾ ಡಿಕಿನ್

ಲಂಡನ್ ನಗರದ ಪೂರ್ವಭಾಗದಲ್ಲಿರುವ ವೈಟ್‌ಚಾಪಲ್ ಒಂದು ಕಾಲಕ್ಕೆ ಕಡುಬಡವರ ನೆಲೆಯಾಗಿತ್ತು. ಅಲ್ಲಿನ ಇಕ್ಕಟ್ಟಾದ ಮನೆಗಳಲ್ಲಿಯೂ ನಾಯಿಗೋ ಬೆಕ್ಕಿಗೋ ಒಂದಿಷ್ಟು ಜಾಗ ಇದ್ದೇ ಇರುತ್ತಿತ್ತು. ಬೆಕ್ಕು ಇಲಿಗಳನ್ನು ಹಿಡಿಯುತ್ತಿತ್ತು. ನಾಯಿ ಮಕ್ಕಳಿಗೆ ಜೊತೆಯಾಗಿತ್ತು. ತರಕಾರಿ ಮಾರುವವನ ಗಾಡಿಯನ್ನು ಕತ್ತೆ ಎಳೆಯುತ್ತಿತ್ತು. ಅವು ಕಾಯಿಲೆ ಬಿದ್ದರೆ, ಇಲ್ಲವೆ ಮುಪ್ಪಡರಿ ಕುಗ್ಗಿದರೆ, ಪಶುವೈದ್ಯರಿಗೆ ಕೊಡಲು ಸಾಕಿದವರ ಬಳಿ ಹಣವಿರುತ್ತಿರಲಿಲ್ಲ.

ಈ ಓಣಿಗಳಿಗೆ ಬಡವರ ಯೋಗಕ್ಷೇಮ ವಿಚಾರಿಸಲು ಬಂದವರು ಮರಿಯಾ ಡಿಕಿನ್. ಆಕೆ ಹುಟ್ಟಿದ್ದು 1870ರಲ್ಲಿ, ಲಂಡನ್ನಿನ ಒಬ್ಬ ಪಾದ್ರಿಯ ಮನೆಯಲ್ಲಿ. ಎಂಟು ಮಕ್ಕಳಲ್ಲಿ ಹಿರಿಯವರು. 1899ರಲ್ಲಿ ವಿವಾಹವಾದರು. ಮನುಷ್ಯರ ಕಷ್ಟವನ್ನು ನೋಡಲು ಬಂದ ಅವರ ಕಣ್ಣಿಗೆ ಚರಂಡಿಯ ಬದಿಯಲ್ಲಿ ಎಂಜಲು ಆಯುತ್ತಿದ್ದ, ಗಾಯಗೊಂಡ ನಾಯಿ ಬೆಕ್ಕುಗಳೂ ಬಿದ್ದವು.

1917ರ ನವೆಂಬರ್ 17ರಂದು, ಮಹಾಯುದ್ಧದ ನಡುವೆಯೇ, ವೈಟ್‌ಚಾಪಲಿನ ಒಂದು ನೆಲಮಾಳಿಗೆಯಲ್ಲಿ ಅವರು ಪ್ರಾಣಿಗಳಿಗಾಗಿ ಉಚಿತ ಔಷಧಾಲಯವನ್ನು ತೆರೆದರು. ಕೆಲವೇ ದಿನಗಳಲ್ಲಿ ಜನಸಂದಣಿಯನ್ನು ಹತೋಟಿಯಲ್ಲಿಡಲು ಪೊಲೀಸರು ಬರಬೇಕಾಯಿತು! ಆರು ವರ್ಷಗಳೊಳಗೆ ಕುದುರೆ ಎಳೆಯುವ ಸಂಚಾರಿ ಚಿಕಿತ್ಸಾಲಯ ಹೊರಟಿತು. 1928ರಲ್ಲಿ ಇಲ್ಫರ್ಡ್ ಎಂಬಲ್ಲಿ ದೊಡ್ಡ ಆಸ್ಪತ್ರೆ ಸಿದ್ಧವಾಯಿತು.

ಪ್ರಾಣಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಮುದಿ ನಾಯಿಯ ಕೀಲುನೋವು, ಮುದಿ ಬೆಕ್ಕಿನ ಮೂತ್ರಪಿಂಡದ ದೋಷ, ಒಸಡಿನ ರೋಗ, ಇವು ಬಹುಕಾಲ ಗುಟ್ಟಾಗಿಯೇ ಬೆಳೆಯುತ್ತವೆ. ಆದುದರಿಂದಲೇ ವಯಸ್ಸಾದ ನಾಯಿ ಬೆಕ್ಕುಗಳನ್ನು ವರ್ಷಕ್ಕೆ ಎರಡು ಸಲವಾದರೂ ಪರೀಕ್ಷೆ ಮಾಡಿಸಬೇಕೆಂದು ಇಂದಿನ ಪಶುವೈದ್ಯರು ಹೇಳುತ್ತಾರೆ. ಹಣ ತೆರಬೇಕಾದಲ್ಲಿ ಬಡವನು ಕೊನೆಯ ಗಳಿಗೆಯವರೆಗೂ ಕಾಯುತ್ತಾನೆ. ಆಗ ವೈದ್ಯನ ಕೈಯಲ್ಲಿ ಉಳಿಯುವುದು ನೋವನ್ನು ಕೊನೆಗಾಣಿಸುವ ಕೆಲಸವೊಂದೇ. ಉಚಿತ ಔಷಧಾಲಯದ ಬೆಲೆ ಇಲ್ಲಿ ತಿಳಿಯುತ್ತದೆ.

ಡಿಕಿನ್ನರಿಗೆ ವಿರೋಧವೂ ಎದುರಾಯಿತು. ಆಕೆಯ ಔಷಧಾಲಯಗಳಲ್ಲಿ ಚಿಕಿತ್ಸೆ ಮಾಡುತ್ತಿದ್ದ ಅನೇಕರಿಗೆ ಪಶುವೈದ್ಯ ಪದವಿ ಇರಲಿಲ್ಲ. ಪದವೀಧರ ವೈದ್ಯರು ಇದನ್ನು ಬಲವಾಗಿ ಆಕ್ಷೇಪಿಸಿದರು. ಅವರ ಆಕ್ಷೇಪ ನಿರಾಧಾರವಾದುದೇನೂ ಅಲ್ಲ. ಅರೆತಿಳಿವಿನ ಕೈಯೂ ಪ್ರಾಣಿಯನ್ನು ನೋಯಿಸಬಲ್ಲದು. ಆದರೆ ಆ ಓಣಿಗಳಿಗೆ ಬೇರೆ ಯಾರು ಹೋಗುತ್ತಿದ್ದರು? ಕೊನೆಗೆ 1948ರ ಕಾಯಿದೆಯು ಪಶುಚಿಕಿತ್ಸೆಯನ್ನು ಬಹುಮಟ್ಟಿಗೆ ಅರ್ಹತೆ ಪಡೆದವರಿಗೇ ಮೀಸಲಿಟ್ಟಿತು.

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬಾಂಬಿನ ಭಯದಿಂದಲೂ ಆಹಾರದ ಚಿಂತೆಯಿಂದಲೂ ಜನರು ತಮ್ಮ ಸಾಕುಪ್ರಾಣಿಗಳನ್ನು ಕೊಲ್ಲಿಸಲು ಸಾಲುಗಟ್ಟಿದರು. ಮೊದಲ ವಾರದಲ್ಲಿಯೇ ಲಂಡನ್ನಿನಲ್ಲಿ ಸುಮಾರು ನಾಲ್ಕು ಲಕ್ಷ ನಾಯಿ ಬೆಕ್ಕುಗಳು ಹತವಾದುವೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಗುಣಪಡಿಸಲೆಂದು ತೆರೆದ ಡಿಕಿನ್ನರ ಸಂಸ್ಥೆಯ ಬಾಗಿಲಿಗೂ ಅದೇ ಕೋರಿಕೆ ಬಂತು. ಮುಂದೆ ಬಾಂಬುಗಳು ಬಿದ್ದಾಗ ಆ ಸಂಸ್ಥೆಯ ರಕ್ಷಣಾದಳಗಳು ಕುಸಿದ ಮನೆಗಳ ಅವಶೇಷಗಳನ್ನು ಅಗೆದು ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಾಣಿಗಳಿಗೆ ನೆರವಾದುವು. ಯುದ್ಧದಲ್ಲಿ ಧೈರ್ಯ ತೋರಿದ ಪ್ರಾಣಿಗಳಿಗಾಗಿ 1943ರಲ್ಲಿ ಆಕೆ ಒಂದು ಪದಕವನ್ನು ಸ್ಥಾಪಿಸಿದರು. ಮೊದಲು ಅದನ್ನು ಪಡೆದವು ಮೂರು ಪಾರಿವಾಳಗಳು.

ಡಿಕಿನ್ 1951ರ ಮಾರ್ಚ್ 1ರಂದು ನಿಧನರಾದರು. ಅವರ ಸಂಸ್ಥೆಯ ಆಸ್ಪತ್ರೆಗಳಲ್ಲಿ ಇಂದು ಪದವೀಧರ ಪಶುವೈದ್ಯರಿದ್ದಾರೆ; ಶುಲ್ಕ ತೆರಲಾರದವರ ಪ್ರಾಣಿಗಳಿಗೆ ಅಲ್ಲಿ ಉಚಿತವಾಗಿ ಇಲ್ಲವೆ ಕಡಿಮೆ ದರದಲ್ಲಿ ಚಿಕಿತ್ಸೆ ದೊರೆಯುತ್ತಿದೆ.